ಸೇವೆಯ ಹೆಸರಿನಲ್ಲಿ ಸಂಬಳ ತಪ್ಪಿಸಬೇಡಿ

‘ಆಶಾ ಕಾರ್ಯಕರ್ತೆಯರು ಸ್ವಯಂಸೇವಕಿಯರು, ನಿಗದಿತ ವೇತನ ಕೊಟ್ಟರೆ ಸೇವಾಭಾವ ಕುಗ್ಗುತ್ತದೆ’ ಎಂಬ ವಾದ ಒಪ್ಪತಕ್ಕದ್ದಲ್ಲ. ವೈದ್ಯರು, ದಾದಿಯರು ಸಂಬಳ ಪಡೆಯುತ್ತಾರೆ. ಅವರ ಸೇವಾಭಾವವನ್ನು ಯಾರೂ ಶಂಕಿಸುವುದಿಲ್ಲ. 2005ರಲ್ಲಿ ಆರಂಭವಾದ ಯೋಜನೆಯಡಿ ಸಾವಿರ ಜನರಿಗೊಬ್ಬರಂತೆ ನೇಮಕವಾದ ಈ ಮಹಿಳೆಯರ ಹೆಗಲಿಗೆ ಗರ್ಭಿಣಿಯರ ನೋಂದಣಿ, ಲಸಿಕೆ, ಸಮೀಕ್ಷೆಗಳೆಲ್ಲ ಬಿದ್ದಿವೆ. ಜಮಖಂಡಿಯ ತೀರದಲ್ಲಿ ಕೃಷ್ಣೆ, ಮುಧೋಳದಲ್ಲಿ ಘಟಪ್ರಭೆ ಉಕ್ಕಿದಾಗ ಯಾವ ಮನೆಯಲ್ಲಿ ಬಸುರಿ, ಬಾಣಂತಿ ಇದ್ದಾರೆಂದು ಬಲ್ಲವರು ಇವರೇ. ‘ಬೊಕ್ಕಸಕ್ಕೆ ಹೊರೆ’ ಎನ್ನುವವರು ಇನ್ನೊಂದು ಲೆಕ್ಕವನ್ನೂ ಹಾಕಲಿ: ಅನುಭವಿ ಕಾರ್ಯಕರ್ತೆ ಕೆಲಸ ಬಿಟ್ಟರೆ ಕೊಟ್ಟ ತರಬೇತಿಯೂ ಗಳಿಸಿದ ನಂಬಿಕೆಯೂ ಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಗೌರವಿಸಿದ ಇದೇ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕುಳಿತು ಮಾಸಿಕ 10,000 ರೂಪಾಯಿಯ ಭರವಸೆ ಪಡೆಯಬೇಕಾಯಿತು. ನಿಗದಿತ ವೇತನ, ನಿರಂತರ ತರಬೇತಿ, ನಿವೃತ್ತಿ ಭದ್ರತೆ ಅವರ ಹಕ್ಕು. ಅದನ್ನು ಕೊಟ್ಟರೆ ಮಾತ್ರ ಸೇವೆ ಉಳಿಯುತ್ತದೆ.