ಹವ್ಯಾಸಿಯ ಮುಂಗಡ ಯಾರ ಬಂಡವಾಳ?

ಗಾಜಿನ ಹೊದಿಕೆಯ ಕೆಳಗೆ ಇಳಿಜಾರಾದ ಮರದ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಆ ಗುಂಡು ಜಾರಿಹೋಗದಂತೆ ಹೊಡೆದು ಮೇಲಕ್ಕಟ್ಟುವ ಎರಡು ಪುಟ್ಟ ರೆಕ್ಕೆಗಳು: ಪಿನ್‌ಬಾಲ್ ಯಂತ್ರವೆಂದರೆ ಮೂಲತಃ ಇಷ್ಟೇ. ಅಮೆರಿಕದ ಷಿಕಾಗೋ ಹಾಗೂ ಅದರ ಉಪನಗರಗಳು ಈ ಉದ್ಯಮದ ತವರು. ದಶಕಗಳ ಕಾಲ ಈ ಯಂತ್ರದ ಗ್ರಾಹಕನು ಆಟಗಾರನಾಗಿರಲಿಲ್ಲ. ಮದ್ಯದಂಗಡಿ, ಬೌಲಿಂಗ್ ಮಂದಿರ, ಆಟದ ಮಳಿಗೆಗಳಲ್ಲಿ ಯಂತ್ರವನ್ನಿರಿಸಿ ನಾಣ್ಯ ಸಂಗ್ರಹಿಸುವ ವರ್ತಕನೇ ನಿಜವಾದ ಗ್ರಾಹಕನಾಗಿದ್ದನು. ಯಂತ್ರವು ವಾರಕ್ಕೆ ಎಷ್ಟು ದುಡಿಯುತ್ತದೆ, ಹಾಕಿದ ಹಣ ಎಷ್ಟು ತಿಂಗಳಲ್ಲಿ ಮರಳುತ್ತದೆ, ಕೆಟ್ಟರೆ ಎಷ್ಟು ಬೇಗ ಸರಿಹೋಗುತ್ತದೆ ಎಂಬುದಷ್ಟೇ ಅವನ ಲೆಕ್ಕ. ಅವನಿಗೆ ಬಣ್ಣದ ಮಾತು ಹೇಳಿ ಮಾರುವುದು ಸುಲಭವಿರಲಿಲ್ಲ; ನಾಣ್ಯದ ಡಬ್ಬಿಯೇ ಸತ್ಯ ನುಡಿಯುತ್ತಿತ್ತು.

ಆ ಗ್ರಾಹಕ ಹಿಂದೆ ಸರಿದು ಮನೆಯ ನೆಲಮಾಳಿಗೆಯಲ್ಲಿ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳುವ ಹವ್ಯಾಸಿ ಮುಂದೆ ಬಂದದ್ದು ಈ ಉದ್ಯಮದ ಇತ್ತೀಚಿನ ಇತಿಹಾಸದಲ್ಲಿ ಬಹುಮುಖ್ಯ ಸಂಗತಿ. 1992ರಲ್ಲಿ ಬ್ಯಾಲಿ ಹೆಸರಿನಲ್ಲಿ ಬಂದ 'ದಿ ಆಡಮ್ಸ್ ಫ್ಯಾಮಿಲಿ' ಯಂತ್ರ 20,270ರಷ್ಟು ತಯಾರಾಯಿತು. ಏಳೇ ವರ್ಷಗಳ ನಂತರ, 1999ರಲ್ಲಿ, ಅದನ್ನು ತಯಾರಿಸಿದ ವಿಲಿಯಮ್ಸ್ ಸಂಸ್ಥೆ ತನ್ನ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ಅದೇ ವರ್ಷ ಸೆಗಾ ಸಂಸ್ಥೆಯ ಪಿನ್‌ಬಾಲ್ ವಿಭಾಗವನ್ನು ಖರೀದಿಸಿದ ಗ್ಯಾರಿ ಸ್ಟರ್ನ್ ಅವರ ಸ್ಟರ್ನ್ ಪಿನ್‌ಬಾಲ್ ಸಂಸ್ಥೆಯು ಸುಮಾರು ಒಂದು ದಶಕ ಕಾಲ ಈ ಕ್ಷೇತ್ರದಲ್ಲಿ ಹೆಚ್ಚು ಕಡಿಮೆ ಏಕಾಂಗಿಯಾಗಿತ್ತು. 2011ರಲ್ಲಿ ನ್ಯೂಜೆರ್ಸಿಯಲ್ಲಿ ಜಾಕ್ ಗ್ವಾರ್ನಿಯೇರಿ ಅವರು ಜೆರ್ಸಿ ಜಾಕ್ ಪಿನ್‌ಬಾಲ್ ಸಂಸ್ಥೆಯನ್ನು ಆರಂಭಿಸಿದ ಮೇಲೆ ಪೈಪೋಟಿ ಮರಳಿತು. ಆದರೆ ಈ ಪೈಪೋಟಿ ನಡೆದದ್ದು ಮಳಿಗೆಯ ವರ್ತಕನಿಗಾಗಿ ಅಲ್ಲ, ಹವ್ಯಾಸಿಯ ಕಿಸೆಗಾಗಿ.

ಹವ್ಯಾಸಿಗೆ ಮಾರುವ ವಿಧಾನವೇ ಬೇರೆ. ಸ್ಟರ್ನ್ ಸಂಸ್ಥೆ ಒಂದೇ ಆಟವನ್ನು ಪ್ರೊ, ಪ್ರೀಮಿಯಂ, ಲಿಮಿಟೆಡ್ ಎಡಿಷನ್ ಎಂಬ ಮೂರು ಶ್ರೇಣಿಗಳಲ್ಲಿ ಮಾರುವ ಪದ್ಧತಿಯನ್ನು ರೂಢಿಗೆ ತಂದಿತು. 2023ರಲ್ಲಿ ಬಂದ 'ಫೂ ಫೈಟರ್ಸ್' ಯಂತ್ರದ ಪ್ರೊ ಶ್ರೇಣಿಗೆ 6,999 ಡಾಲರ್, ಪ್ರೀಮಿಯಂಗೆ 9,699, ಲಿಮಿಟೆಡ್ ಎಡಿಷನ್‌ಗೆ 12,999 ಎಂದು ಬೆಲೆ ನಿಗದಿಯಾಯಿತು. ಪ್ರೊ ಮತ್ತು ಪ್ರೀಮಿಯಂಗಳ ನಡುವೆ ಆಟದ ಹಲಗೆಯ ಮೇಲಿನ ಯಾಂತ್ರಿಕ ಸಲಕರಣೆಗಳಲ್ಲಿಯೇ ವ್ಯತ್ಯಾಸವುಂಟು. ಪ್ರೀಮಿಯಂ ಮತ್ತು ಲಿಮಿಟೆಡ್‌ಗಳ ನಡುವೆ ಆಟದ ದೃಷ್ಟಿಯಿಂದ ಹೇಳಿಕೊಳ್ಳುವಂತಹ ಭೇದವಿಲ್ಲ. ಹೆಚ್ಚಿನ ಹಣಕ್ಕೆ ದೊರೆಯುವುದು ಬೇರೆ ಚಿತ್ರಾಲಂಕಾರ, ಲೋಹದ ಭಾಗಗಳಿಗೆ ವಿಶೇಷ ಬಣ್ಣ, ಪ್ರತಿಫಲನವಿಲ್ಲದ ಗಾಜು, ಉತ್ತಮ ಧ್ವನಿವರ್ಧಕ ಮತ್ತು ಕ್ರಮಸಂಖ್ಯೆ ಕೆತ್ತಿದ ಒಂದು ಫಲಕ. ಗ್ರಾಹಕನು ತೆರುವ ಮೂರು ಸಾವಿರಕ್ಕೂ ಮಿಕ್ಕಿದ ಡಾಲರುಗಳಲ್ಲಿ ದೊಡ್ಡ ಪಾಲು ಆ ಫಲಕದ ಮೇಲಿನ ಅಂಕಿಗೇ ಸಲ್ಲುತ್ತದೆ ಎನ್ನಲಡ್ಡಿಯಿಲ್ಲ.

ಈ ಅಂಕಿಗೂ ಒಂದು ಕಥೆ ಹೊಂದಿಸಿದರೆ ಮಾರಾಟ ಇನ್ನೂ ಸಲೀಸು. 2018ರಲ್ಲಿ ಬಂದ 'ದಿ ಬೀಟಲ್ಸ್' ಯಂತ್ರಗಳ ಒಟ್ಟು ಸಂಖ್ಯೆಯನ್ನು 1,964ಕ್ಕೆ ಮಿತಿಗೊಳಿಸಲಾಯಿತು. ಆ ಗಾಯಕವೃಂದ ಅಮೆರಿಕಕ್ಕೆ ಮೊದಲು ಕಾಲಿಟ್ಟ ವರ್ಷವದು. ಅವುಗಳಲ್ಲಿಯೂ 1,614 ಚಿನ್ನ, 250 ಪ್ಲಾಟಿನಂ, 100 ವಜ್ರ ಎಂದು ಮೂರು ಅಂತಸ್ತುಗಳಿದ್ದವು. ಆಟದ ವಿನ್ಯಾಸ ಮಾತ್ರ 1980ರ 'ಸೀವಿಚ್' ಎಂಬ ಹಳೆಯ ಯಂತ್ರವನ್ನು ಆಧರಿಸಿದುದು. ಹಳೆಯ ಮೇಜಿಗೆ ಹೊಸ ಹೊದಿಕೆ ಹಾಸಿ ಸಂಖ್ಯೆ ಬರೆದು ಮಾರುವ ಈ ಚಾತುರ್ಯವನ್ನು ಬಲ್ಲ ವ್ಯಾಪಾರಿಗಳು ಮೆಚ್ಚಿಯೇ ಮೆಚ್ಚುತ್ತಾರೆ.

ಇದರಲ್ಲಿ ವಂಚನೆಯೇನೂ ಇಲ್ಲ. ಏನು ಕೊಡುತ್ತೇವೆ, ಎಷ್ಟು ಕೊಡುತ್ತೇವೆ ಎಂಬುದನ್ನು ಉತ್ಪಾದಕರು ಮೊದಲೇ ಸಾರುತ್ತಾರೆ. ಬೇಕಾದವನು ಕೊಳ್ಳುತ್ತಾನೆ, ಬೇಡವಾದವನು ಪ್ರೊ ಯಂತ್ರವನ್ನೇ ಕೊಂಡು ಸುಖವಾಗಿ ಆಡುತ್ತಾನೆ. ಪರವಾನಗಿ ಶುಲ್ಕ ತೆತ್ತು, ಸಾವಿರಾರು ಬಿಡಿಭಾಗಗಳನ್ನು ಕೈಯಿಂದಲೇ ಜೋಡಿಸಿ ಯಂತ್ರ ತಯಾರಿಸುವ ಉದ್ಯಮಕ್ಕೆ ಶ್ರೀಮಂತ ಗ್ರಾಹಕನ ಹೆಚ್ಚುವರಿ ಹಣವು ಉಳಿದವರ ಬೆಲೆಯನ್ನು ಹಿಡಿತದಲ್ಲಿಡಲು ನೆರವಾಗುತ್ತದೆ ಎಂಬ ವಾದವನ್ನೂ ತಳ್ಳಿಹಾಕಲಾಗದು.

ಆಕ್ಷೇಪಣೆ ಇರುವುದು ಸಮಯದ ವಿಷಯದಲ್ಲಿ. ಮಿತಸಂಖ್ಯೆಯ ಯಂತ್ರ ಬೇಕೆನ್ನುವವನು ಅದನ್ನು ಆಡಿ ನೋಡುವ ಮೊದಲೇ, ಎಷ್ಟೋ ಸಲ ಪ್ರಕಟಣೆಯಾದ ದಿನವೇ, ಹಣ ಕಟ್ಟಬೇಕಾಗುತ್ತದೆ. ವಿಸ್ಕಾನ್ಸಿನ್ ರಾಜ್ಯದ ಬೆಂಟನ್ ಎಂಬ ಪುಟ್ಟ ಊರಿನ ಸ್ಪೂಕಿ ಪಿನ್‌ಬಾಲ್ ಸಂಸ್ಥೆಯು 2020ರಲ್ಲಿ 'ರಿಕ್ ಅಂಡ್ ಮಾರ್ಟಿ' ಯಂತ್ರವನ್ನು ಪ್ರಕಟಿಸಿದಾಗ 750 ಯಂತ್ರಗಳೂ ಕೆಲವೇ ಗಂಟೆಗಳಲ್ಲಿ ಮಾರಾಟವಾದವು. ಅಷ್ಟು ಯಂತ್ರಗಳನ್ನು ಕಟ್ಟಿಕೊಡಲು ಸಣ್ಣ ಕಾರ್ಖಾನೆಗೆ ತಿಂಗಳುಗಟ್ಟಲೆ ಕಾಲ ಹಿಡಿಯುವುದು ಸಹಜ. ಸ್ಪೂಕಿಯವರು ಮಾತು ಉಳಿಸಿಕೊಂಡರು. ಎಲ್ಲರೂ ಉಳಿಸಿಕೊಳ್ಳಲಿಲ್ಲ.

ಮಿಷಿಗನ್‌ನ ಸ್ಕಿಟ್-ಬಿ ಎಂಬ ಸಂಸ್ಥೆ 'ಪ್ರಿಡೇಟರ್' ಚಲನಚಿತ್ರದ ಹೆಸರಿನಲ್ಲಿ 250 ಯಂತ್ರಗಳಿಗೆ ಮುಂಗಡ ಸ್ವೀಕರಿಸಿತು. ಚಿತ್ರದ ಹಕ್ಕುದಾರರಿಂದ ಪರವಾನಗಿಯೇ ಪಡೆದಿರಲಿಲ್ಲವೆಂಬುದು 2015ರಲ್ಲಿ ಬಯಲಾಗಿ ಯೋಜನೆ ಕುಸಿಯಿತು. ಹೆಸರಾಂತ ವಿನ್ಯಾಸಕಾರ ಜಾನ್ ಪೊಪಾಡಿಯುಕ್ ಅವರ ಜಿಡ್‌ವೇರ್ ಸಂಸ್ಥೆ 'ಮ್ಯಾಜಿಕ್ ಗರ್ಲ್' ಮುಂತಾದ ಯಂತ್ರಗಳಿಗೆ ಪಡೆದ ಹಣವು ಯಂತ್ರಗಳು ಸಿದ್ಧವಾಗುವ ಮೊದಲೇ ಕರಗಿತು. 'ದಿ ಬಿಗ್ ಲೆಬೋವ್ಸ್ಕಿ' ಯಂತ್ರಕ್ಕೆ ಹಣ ಕಟ್ಟಿದವರಲ್ಲಿ ಹಲವರು, ಡಚ್ ಪಿನ್‌ಬಾಲ್ ಸಂಸ್ಥೆಗೂ ಅದರ ಗುತ್ತಿಗೆ ಕಾರ್ಖಾನೆಗೂ ನಡುವೆ ಉಂಟಾದ ವಿವಾದದಿಂದಾಗಿ ವರ್ಷಾನುಗಟ್ಟಲೆ ಕಾದರು. ವೇಲ್ಸ್‌ನ ಹೈವೇ ಪಿನ್‌ಬಾಲ್ 2018ರಲ್ಲಿ ಬಾಗಿಲು ಹಾಕಿತು.

ಈ ಎಲ್ಲ ಪ್ರಕರಣಗಳಲ್ಲಿ ದುರುದ್ದೇಶವಿತ್ತೆಂದು ಹೇಳುವುದು ನ್ಯಾಯವಲ್ಲ. ಬಹುಪಾಲು ಕಡೆ ಇದ್ದದ್ದು ಉತ್ಸಾಹ ಮತ್ತು ಲೆಕ್ಕದ ಅಜ್ಞಾನ. ಒಂದು ಮಾದರಿಯನ್ನು ಕೈಯಿಂದ ತಯಾರಿಸುವುದಕ್ಕೂ ಅದೇ ಯಂತ್ರವನ್ನು ಸಾಲುಗಟ್ಟಿ ಉತ್ಪಾದಿಸುವುದಕ್ಕೂ ಇರುವ ಅಂತರವನ್ನು ಅವರು ಗುರುತಿಸಲಿಲ್ಲ. ಮೊದಲ ಯಂತ್ರದ ಮುಂಗಡದಲ್ಲಿ ವಿನ್ಯಾಸದ ವೆಚ್ಚ, ಎರಡನೆಯದರ ಮುಂಗಡದಲ್ಲಿ ಮೊದಲನೆಯದರ ಬಿಡಿಭಾಗ, ಮೂರನೆಯದರ ಮುಂಗಡದಲ್ಲಿ ಕಾರ್ಖಾನೆಯ ಬಾಡಿಗೆ ಎಂಬ ಸರಪಳಿ ಆರಂಭವಾದ ಕೂಡಲೇ ಗ್ರಾಹಕನು ಗ್ರಾಹಕನಾಗಿ ಉಳಿಯುವುದಿಲ್ಲ. ಅವನು ಬಡ್ಡಿಯಿಲ್ಲದೆ, ಆಧಾರವಿಲ್ಲದೆ ಸಾಲ ಕೊಟ್ಟವನಾಗುತ್ತಾನೆ. ಬ್ಯಾಂಕು ಕೇಳುವ ಯಾವ ಪ್ರಶ್ನೆಯನ್ನೂ ಅವನು ಕೇಳುವುದಿಲ್ಲ. ಅಭಿಮಾನಿಗೆ ಅಂತಹ ಪ್ರಶ್ನೆ ಕೇಳಲು ಸಂಕೋಚ. ಆ ಸಂಕೋಚವನ್ನೇ ಬಂಡವಾಳವನ್ನಾಗಿ ಮಾಡಿಕೊಳ್ಳುವುದು ಮಾರುಕಟ್ಟೆ ತಂತ್ರವಲ್ಲ.

ಮುಂಗಡವಿಲ್ಲದೆ ಹೊಸಬರು ಈ ಕ್ಷೇತ್ರಕ್ಕೆ ಬರುವುದೇ ಅಸಾಧ್ಯವೆಂಬ ಉತ್ತರವುಂಟು. ಜೆರ್ಸಿ ಜಾಕ್ ಸಂಸ್ಥೆಯೇ ಅದಕ್ಕೆ ನಿದರ್ಶನ: 'ದಿ ವಿಜರ್ಡ್ ಆಫ್ ಆಜ್' ಯಂತ್ರಕ್ಕೆ ಮೊದಲೇ ಹಣ ಪಡೆದು, ತಡವಾದರೂ 2013ರಲ್ಲಿ ಯಂತ್ರಗಳನ್ನು ಕಳುಹಿಸಲಾರಂಭಿಸಿತು. ಆದರೆ ಬೇರೆ ದಾರಿಯೂ ಇದೆ. 2017ರಲ್ಲಿ 'ಹೂಡಿನಿ' ಯಂತ್ರದೊಡನೆ ಬಂದ ಅಮೆರಿಕನ್ ಪಿನ್‌ಬಾಲ್ ಸಂಸ್ಥೆಗೆ ಇಲಿನಾಯ್‌ನ ಏಮ್‌ಟ್ರಾನ್ ಎಂಬ ಎಲೆಕ್ಟ್ರಾನಿಕ್ಸ್ ತಯಾರಿಕಾ ಸಂಸ್ಥೆಯ ಬೆಂಬಲವಿತ್ತು. ಅದೇ ಹೆಸರಿನ ಭಾರತೀಯ ಕಂಪನಿ 2024ರಲ್ಲಿ ಷೇರುಪೇಟೆ ಪ್ರವೇಶಿಸಿದಾಗ ವಡೋದರ ಹಾಗೂ ನಮ್ಮ ಬೆಂಗಳೂರಿನಲ್ಲಿ ಘಟಕಗಳನ್ನು ಹೊಂದಿತ್ತು ಎಂಬುದು ಇಲ್ಲಿನ ಉದ್ಯಮಿಗಳಿಗೆ ಕುತೂಹಲದ ಸಂಗತಿ. ವಿದ್ಯುನ್ಮಾನ ಫಲಕ ತಯಾರಿಸಿ ಅನುಭವವಿರುವ ಬಳಗವು ಅಭಿಮಾನಿಯ ಹಣವನ್ನೇ ನೆಚ್ಚಿ ಕೂರಬೇಕಾಗಿಲ್ಲ.

ಇನ್ನೊಂದು ಲೋಪದ ಬಗ್ಗೆ ಉದ್ಯಮದಲ್ಲಿ ಅಷ್ಟು ಮಾತಿಲ್ಲ. ಯಂತ್ರವು ಮನೆಗೆ ಬಂದಾಗ ಅದರ ತಂತ್ರಾಂಶ ಪೂರ್ಣವಾಗಿರುವುದು ಅಪರೂಪ. ಆಟದ ನಿಯಮಗಳು, ಕೊನೆಯ ಹಂತಗಳು, ಧ್ವನಿಗಳು ಆಮೇಲೆ ಕಂತುಕಂತಾಗಿ ಬರುತ್ತವೆ. ಒಳ್ಳೆಯ ಸಂಸ್ಥೆಗಳು ಈ ಕಂತುಗಳಿಂದ ಯಂತ್ರವನ್ನು ನಿಜಕ್ಕೂ ಉತ್ತಮಪಡಿಸುತ್ತವೆ. ಆದರೆ ಪೂರ್ಣ ಬೆಲೆ ಪಡೆದು ಅಪೂರ್ಣ ಸರಕು ಕೊಡುವುದನ್ನು ಬೇರೆ ಯಾವ ವ್ಯಾಪಾರದಲ್ಲಾದರೂ ಗ್ರಾಹಕ ಇಷ್ಟು ತಾಳ್ಮೆಯಿಂದ ಸಹಿಸಿಕೊಂಡಾನೆಯೇ?

ಮಿತಸಂಖ್ಯೆಯ ಯಂತ್ರವನ್ನು ಹೂಡಿಕೆಯೆಂದು ಭಾವಿಸುವವರು 'ಮಿಡೀವಲ್ ಮ್ಯಾಡ್ನೆಸ್' ಯಂತ್ರದ ಚರಿತ್ರೆಯನ್ನು ಗಮನಿಸುವುದೊಳಿತು. 1997ರಲ್ಲಿ 4,016 ಮಾತ್ರ ತಯಾರಾದ ಈ ಯಂತ್ರದ ಬೆಲೆ ಸಂಗ್ರಾಹಕರ ನಡುವೆ ಏರುತ್ತಲೇ ಇತ್ತು. ಷಿಕಾಗೋ ಗೇಮಿಂಗ್ ಸಂಸ್ಥೆಯವರು ಅದರ ಮರುಸೃಷ್ಟಿಯನ್ನು 2015ರಲ್ಲಿ ಮಾರುಕಟ್ಟೆಗೆ ತಂದರು. ಹಳೆಯದರ ಬೆಲೆಯ ಮೆರುಗು ಕುಂದಿತು. ಆಡುವವರಿಗೆ ಇದರಿಂದ ಲಾಭವೇ ಆಯಿತು.

ಉತ್ಪಾದಕರು ತಾವಾಗಿಯೇ ಕೈಗೊಳ್ಳಬಹುದಾದ ಕ್ರಮಗಳು ದುಬಾರಿಯಾದವೇನಲ್ಲ. ಮುಂಗಡವನ್ನು ಬೆಲೆಯ ಒಂದು ಸಣ್ಣ ಭಾಗಕ್ಕೆ ಸೀಮಿತಗೊಳಿಸಿ ಪ್ರತ್ಯೇಕ ಖಾತೆಯಲ್ಲಿಡಬಹುದು. ಉತ್ಪಾದನಾ ಸಾಲಿನಿಂದ ಮೊದಲ ಯಂತ್ರ ಹೊರಬೀಳುವವರೆಗೆ ಕೇಳಿದವರಿಗೆ ಹಿಂದಿರುಗಿಸಬಹುದು. ಪೂರ್ಣ ಹಣವನ್ನು ಪೆಟ್ಟಿಗೆ ಕಟ್ಟುವ ವಾರ ಕೇಳಬಹುದು. ಪರವಾನಗಿ ಪತ್ರಕ್ಕೆ ಸಹಿಯಾಗಿದೆಯೆಂದು ಮಾರಾಟಗಾರನಿಗೆ ತೋರಿಸಬಹುದು. ವಿತರಕರ ಜಾಲವಿರುವ ದೊಡ್ಡ ಸಂಸ್ಥೆಗಳಿಗೆ ಇದು ಭಾರವೇ ಅಲ್ಲ. ಸಣ್ಣ ಸಂಸ್ಥೆಗೆ ಭಾರವೆನಿಸಿದರೆ ಆ ಸಂಸ್ಥೆಗೆ ಬೇಕಾದುದು ಪಾಲುದಾರ, ಗ್ರಾಹಕನಲ್ಲ.

ಇಷ್ಟರ ನಡುವೆಯೂ ಪ್ರೊ ಯಂತ್ರಗಳನ್ನು ಕೊಂಡು ಮದ್ಯದಂಗಡಿಯಲ್ಲಿಯೋ ಆಟದ ಮಳಿಗೆಯಲ್ಲಿಯೋ ನಿಲ್ಲಿಸುವ ಹಳೆಯ ವರ್ತಕ ಸಂಪೂರ್ಣ ಮಾಯವಾಗಿಲ್ಲ. 2021ರಲ್ಲಿ ಸ್ಟರ್ನ್ ಸಂಸ್ಥೆ ಆರಂಭಿಸಿದ 'ಇನ್‌ಸೈಡರ್ ಕನೆಕ್ಟೆಡ್' ಜಾಲದ ಮೂಲಕ ಆಟಗಾರನು ಯಂತ್ರಕ್ಕೆ ತನ್ನ ಫೋನಿನ ಸಂಕೇತ ತೋರಿಸಿ ಅಂಕಗಳನ್ನು ದಾಖಲಿಸಿಕೊಳ್ಳುತ್ತಾನೆ. ಹೀಗೆ ನಾಣ್ಯ ಹಾಕಿ ಆಡಿದವನ ಪರಿಚಯವೂ ಕಾರ್ಖಾನೆಗೆ ದೊರೆಯುತ್ತದೆ. ನಾಳೆ ಹದಿಮೂರು ಸಾವಿರ ಡಾಲರ್ ತೆರಲು ಸಿದ್ಧನಾಗುವ ಹವ್ಯಾಸಿ ಮೊದಲ ಗುಂಡನ್ನು ಹೊಡೆಯುವುದು ಬಹುಶಃ ಆ ಮಳಿಗೆಯಲ್ಲಿಯೇ, ಒಂದು ಡಾಲರಿಗೆ.