‘ಎರಡು ಮೀಟರ್ ಅಲೆ’ ಅಂದ್ರೆ ಎಷ್ಟು? ಸಸಿಹಿತ್ಲು ಕಡಲಿಗೆ ಆ್ಯಪ್ ಲೆಕ್ಕ ಯಾಕೆ ಕೂಡಿ ಬರಲ್ಲ

ಮೂಲ್ಕಿ: ಮಳೆಗಾಲ ಹತ್ತಿರ ಬಂದ್ರೆ ಸಾಕು, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಎತ್ತರದ ಅಲೆಗಳ ಎಚ್ಚರಿಕೆ ಓಡಾಡಲು ಶುರು. ಸಸಿಹಿತ್ಲು ಬೀಚಿನ ಗೂಡಂಗಡಿಯವರಿಗೆ ಇದು ಬರೀ ಹವಾಮಾನದ ಸುದ್ದಿ ಅಲ್ಲ, ಆ ದಿನದ ವ್ಯಾಪಾರದ ಪ್ರಶ್ನೆ. ಎಚ್ಚರಿಕೆ ಇದ್ದ ದಿನ ಕಡಲು ಸುಮ್ಮನೆ ಮಲಗಿದ್ದರೆ ‘ಸುಳ್ಳು ಸುದ್ದಿ’ ಅಂತಾರೆ. ಮೆಸೇಜು ಇಲ್ಲದ ದಿನ ಸೆಳೆತ ಜೋರಾದರೆ ‘ಯಾರೂ ಹೇಳಲೇ ಇಲ್ಲ’ ಅಂತಾರೆ. ನಿಜ ಹೇಳಬೇಕಂದ್ರೆ ತಪ್ಪು ಎಚ್ಚರಿಕೆಯದ್ದಕ್ಕಿಂತ ಅದನ್ನು ಓದುವ ರೀತಿಯದ್ದೇ ಜಾಸ್ತಿ.

ಈ ಮುನ್ಸೂಚನೆ ಕೊಡುವುದು ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯ್ಸ್. ಅದರಲ್ಲಿ ‘2 ಮೀಟರ್’ ಅಂತ ಇದ್ದರೆ ಪ್ರತಿ ಅಲೆಯೂ ಎರಡು ಮೀಟರ್ ಅಂತ ಅರ್ಥ ಅಲ್ಲ. ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ ಅದು. ನಡುವೆ ಯಾವುದೋ ಒಂದು ಅಲೆ ಹೆಚ್ಚುಕಮ್ಮಿ ಅದರ ದುಪ್ಪಟ್ಟು ಬಂದರೂ ಲೆಕ್ಕ ತಪ್ಪಿದ ಹಾಗಲ್ಲ.

ಎತ್ತರದ ಪಕ್ಕದಲ್ಲೇ ಸೆಕೆಂಡು ಅಂತ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಯಾರೂ ನೋಡಲ್ಲ, ಆದ್ರೆ ಸರ್ಫಿಂಗ್ ಹುಡುಗರು ಮೊದಲು ನೋಡುವುದೇ ಅದನ್ನು. ಒಂದು ಅಲೆ ಬಂದು ಮುಂದಿನದು ಬರುವ ತನಕದ ಅಂತರ ಅದು. 7 ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು. 14 ಸೆಕೆಂಡ್ ದಾಟಿತೆಂದರೆ ಅದು ದೂರದಿಂದ ಬಂದ ಅತಿಥಿ. ಎತ್ತರ ಒಂದೇ ಇದ್ದರೂ 14 ಸೆಕೆಂಡಿನ ಅಲೆ ಹೊತ್ತು ತರುವ ಶಕ್ತಿ 7 ಸೆಕೆಂಡಿನದ್ದಕ್ಕಿಂತ ಎರಡು ಪಟ್ಟು.

ಇಷ್ಟು ದೊಡ್ಡ ಅಂತರದ ಅಲೆ ಹುಟ್ಟುವುದು ಹೆಚ್ಚಾಗಿ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಯಲ್ಲಿ. 18 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಸಾಗಿ, ಐದಾರು ಸಾವಿರ ಕಿ.ಮೀ. ದಾಟಿ, ಐದು ದಿನದ ಆಸುಪಾಸಿನಲ್ಲಿ ನಮ್ಮ ಕರಾವಳಿ ಮುಟ್ಟುತ್ತದೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದರೂ ಕಡಲು ಏರುತ್ತದೆ. 2024ರ ಮಾರ್ಚ್ 31ರಂದು ಕೇರಳದ ಕರಾವಳಿ ಮನೆಗಳಿಗೆ ನೀರು ನುಗ್ಗಿದ್ದು ಹೀಗೇ. ಮಲಯಾಳಿಗಳು ಇದಕ್ಕೆ ‘ಕಳ್ಳಕ್ಕಡಲ್’ ಅಂತಾರೆ, ಕಳ್ಳನ ಹಾಗೆ ಬರುವ ಕಡಲು.

ಇದೇ ಅಲೆಗಳು ದಾರಿಯಲ್ಲಿ ಮೊದಲು ಮುಟ್ಟುವುದು ಮಾಲ್ಡೀವ್ಸನ್ನು. ಅಲ್ಲಿನ ಸರ್ಫಿಂಗ್ ತಾಣಗಳಲ್ಲಿ ಅಲೆ ಮುರಿಯುವುದು ಹವಳದ ಬಂಡೆಸಾಲಿನ ಮೇಲೆ. ಬಂಡೆ ಎಲ್ಲಿಗೂ ಹೋಗಲ್ಲ. ಹಾಗಾಗಿ ಇಂಥ ದಿಕ್ಕಿನಿಂದ ಇಷ್ಟು ಸೆಕೆಂಡಿನ ಅಲೆ ಬಂದರೆ ಇಂಥ ಜಾಗದಲ್ಲೇ ಏಳುತ್ತದೆ ಅಂತ ಹೋದ ವರ್ಷದ ಅನುಭವದಿಂದ ಈ ವರ್ಷವೂ ಹೇಳಬಹುದು. ಅಲ್ಲಿ ಉಳಿಯುವ ಪ್ರಶ್ನೆ ಉಬ್ಬರ ಎಷ್ಟಿದೆ, ಗಾಳಿ ಯಾವ ಕಡೆಯಿಂದ ಅನ್ನೋದು ಮಾತ್ರ. ಆದ್ರೆ ಬಂಡೆ ಇದ್ದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. 2007ರ ಮೇ ತಿಂಗಳಲ್ಲಿ ದಕ್ಷಿಣದಿಂದ ಬಂದ ಇಂಥದ್ದೇ ಅಲೆಗಳು ಮಾಲ್ಡೀವ್ಸಿನ ಹಲವು ದ್ವೀಪಗಳ ಒಳಗೇ ನೀರು ನುಗ್ಗಿಸಿದ್ದವು.

ಸಸಿಹಿತ್ಲಿನ ಕಥೆಯೇ ಬೇರೆ. ಇಲ್ಲಿ ಕಡಲ ತಳ ಮರಳು. ನಂದಿನಿ, ಶಾಂಭವಿ ನದಿಗಳು ಸೇರಿ ಕಡಲಿಗೆ ಇಳಿಯುವ ಅಳಿವೆ ಬಾಗಿಲು ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ನದಿ ಮರಳು ತಂದು ಸುರಿಯುತ್ತದೆ, ಅಲೆ ಅದನ್ನು ಎಳೆದಾಡುತ್ತದೆ. ಏಪ್ರಿಲ್‌ನಲ್ಲಿ ಮರಳ ದಿಬ್ಬ ಇದ್ದ ಕಡೆ ಅಕ್ಟೋಬರ್‌ನಲ್ಲಿ ಗುಂಡಿ ಇರಬಹುದು. ಮುನ್ಸೂಚನೆಯ ಕಂಪ್ಯೂಟರ್ ಲೆಕ್ಕ ಹಾಕುವುದು ಹೊರಗಿನ ಕಡಲನ್ನು. ಹೋದ ವಾರ ಸರಿದ ಮರಳ ದಿಬ್ಬ ಅದಕ್ಕೆ ಕಾಣಲ್ಲ. ಸಾಲದ್ದಕ್ಕೆ ದಕ್ಷಿಣದಿಂದ ಬರುವ ಒಂದಷ್ಟು ಅಲೆಯನ್ನು ಮಾಲ್ಡೀವ್ಸ್, ಲಕ್ಷದ್ವೀಪಗಳೇ ತಡೆಯುತ್ತವೆ. ಇಳಿತದ ಹೊತ್ತಲ್ಲಿ ನದಿ ನೀರು ಹೊರಗೆ ನುಗ್ಗಿ ಬರುವ ಅಲೆಗೆ ಎದುರಾದಾಗ ಅಳಿವೆಯಲ್ಲಿ ಅಲೆ ಇದ್ದಕ್ಕಿದ್ದಂತೆ ಕಡಿದಾಗಿ ಏಳುತ್ತದೆ. ನಾಡದೋಣಿಯವರಿಗೆ ಇದನ್ನು ಯಾವ ಆ್ಯಪೂ ಕಲಿಸಬೇಕಾಗಿಲ್ಲ.

ತೊಂದರೆ ಇರೋದು ಘಟ್ಟದ ಮೇಲಿನಿಂದ ಬರುವ ಪ್ರವಾಸಿಗರಿಗೆ. ದೂರದ ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು ಬಂದು ಹೋದ ಮೇಲೆ ಹತ್ತು ನಿಮಿಷ ಕಡಲು ತಣ್ಣಗಿರಬಹುದು. ಆ ಹತ್ತು ನಿಮಿಷ ನೋಡಿದವರು ಮಕ್ಕಳ ಕೈ ಹಿಡ್ಕೊಂಡು ಇಳಿಯುತ್ತಾರೆ. ಅದೂ ಎಲ್ಲಿ? ಎರಡೂ ಕಡೆ ಬಿಳಿ ನೊರೆ ಇದ್ದು ನಡುವೆ ನೀರು ಕಪ್ಪಾಗಿ, ಶಾಂತವಾಗಿ ಕಾಣುವ ಕಡೆ. ಅಲ್ಲಿ ಅಲೆ ಮುರಿಯದೇ ಇರುವುದು ತಳ ಆಳ ಇರುವುದರಿಂದ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ, ಸೆಳೆತ ಇರುವುದು ಅದೇ ಜಾಗದಲ್ಲಿ.

2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಇಲ್ಲಿ ನಡೆದ ಮೇಲೆ ಸಸಿಹಿತ್ಲಿನ ಹೆಸರು ದೂರ ದೂರ ಹೋಗಿದೆ, ಜನವೂ ಬರ್ತಾರೆ. ಮಳೆಗಾಲ ಪೂರ್ತಿ ಬೀಚ್ ಬಂದ್ ಅನ್ನೋದು ಆಡಳಿತಕ್ಕೆ ಸುಲಭದ ದಾರಿ, ಅದರಲ್ಲಿ ತಪ್ಪೂ ಇಲ್ಲ. ಸಮಸ್ಯೆ ಇರುವುದು ಉಳಿದ ತಿಂಗಳುಗಳದ್ದು. ಮಳೆ ನಿಂತ ಮೇಲೂ ದೂರದ ಅಲೆ ಬರುತ್ತದೆ, ಆಗ ಬಾವುಟವೊಂದೇ ಸಾಲದು. ಅಲೆ ಎಷ್ಟು ಮೀಟರ್, ಎಷ್ಟು ಸೆಕೆಂಡ್, ಇಳಿತ ಎಷ್ಟು ಗಂಟೆಗೆ, ಇವತ್ತು ಸೆಳೆತ ಯಾವ ಕಡೆ: ಈ ನಾಲ್ಕು ಸಾಲು ಬೆಳಿಗ್ಗೆ ಬೀಚಿನ ಬೋರ್ಡಿನ ಮೇಲೆ ಬಿದ್ದರೆ ಸಾಕು. ಮೊದಲ ಮೂರು ಫೋನಿನಲ್ಲೇ ಸಿಗುತ್ತವೆ. ನಾಲ್ಕನೆಯದನ್ನು ಬರೆಯಬೇಕಾದವರು ಬೆಳಿಗ್ಗೆ ಆರಕ್ಕೇ ಕಡಲ ಮುಂದೆ ನಿಂತಿರುವ ಮೀನುಗಾರರು, ಜೀವರಕ್ಷಕರು, ಸರ್ಫಿಂಗ್ ಹುಡುಗರು.