ಕೈಫೋನಿನ ಕವಚ: ಗಾಜೋ, ಪ್ಲಾಸ್ಟಿಕ್ಕೋ?

ಮನುಷ್ಯನು ತಾನು ನಿತ್ಯವೂ ಬಳಸುವ ವಸ್ತುಗಳಲ್ಲಿ ಉಪಯುಕ್ತತೆಯನ್ನೂ ಅಂದವನ್ನೂ ಒಟ್ಟಿಗೆ ಬಯಸುವುದು ಸಹಜ. ಆದರೆ ಅಂದದ ಹಂಬಲವು ಉಪಯುಕ್ತತೆಯನ್ನೇ ನುಂಗತೊಡಗಿದಾಗ ಕ್ಷಣಕಾಲ ನಿಂತು ಲೆಕ್ಕ ಹಾಕುವುದು ವಿವೇಕಿಯ ಲಕ್ಷಣ. ಸ್ಮಾರ್ಟ್‌ಫೋನಿನ ವಿಷಯದಲ್ಲಿ ಅಂತಹ ಲೆಕ್ಕಾಚಾರದ ಕಾಲ ಈಗ ಒದಗಿಬಂದಿದೆ. ಹದಿನೈದು ವರ್ಷಗಳ ಹಿಂದೆ ಬಹುಪಾಲು ಫೋನುಗಳ ಮೈ ಪ್ಲಾಸ್ಟಿಕ್ಕಿನದಾಗಿತ್ತು. ಇಂದು ಬೆಲೆ ಏರಿದಂತೆಲ್ಲ ಮುಂದೆ ಗಾಜು, ಹಿಂದೆ ಗಾಜು, ಸುತ್ತ ಲೋಹದ ಚೌಕಟ್ಟು. ಈ ಬದಲಾವಣೆಯಿಂದ ಬಳಕೆದಾರನಿಗೆ ನಿಜವಾಗಿ ಲಾಭವಾಯಿತೇ? ಪ್ಲಾಸ್ಟಿಕ್ ಮೈಯ ಫೋನು ಮರಳಿ ಬರುವುದು ಯೋಗ್ಯವೇ? ಇದೇ ಪ್ರಸ್ತುತ ವಿಚಾರ.

ಚೆನ್ನೈ ನಗರದ ಪಶ್ಚಿಮ ಮಾಂಬಲದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮನೆಯ ಹಿರಿಯರು ನಿವೃತ್ತರು, ವಯಸ್ಸು ಎಪ್ಪತ್ತೆರಡು, ಮಧುಮೇಹಿಗಳು. ಪರದೇಶದಲ್ಲಿರುವ ಮಗನು ರಜೆಯಲ್ಲಿ ಬಂದಾಗ ಬೆಲೆಬಾಳುವ ಫೋನೊಂದನ್ನು ಪ್ರೀತಿಯಿಂದ ತಂದಿತ್ತನು. ಕನ್ನಡಿಯಂತೆ ಹೊಳೆಯುವ ಆ ಯಂತ್ರವು ಮೂರನೆಯ ತಿಂಗಳಲ್ಲಿಯೇ ಬೆವರಿದ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಬಿತ್ತು. ಪರದೆಗೆ ಏನೂ ಆಗಲಿಲ್ಲ; ಹಿಂಬದಿಯ ಗಾಜು ಮಾತ್ರ ಜೇಡರ ಬಲೆಯಂತೆ ಸೀಳಿತು. ದುರಸ್ತಿಗೆ ಕೇಳಿದ ಮೊತ್ತವು ಅವರ ಒಂದು ತಿಂಗಳ ಔಷಧಿಯ ಖರ್ಚನ್ನು ಮೀರಿತ್ತು. 'ಫೋನು ನಡೆಯುತ್ತಿದೆಯಲ್ಲ' ಎಂದು ಅವರು ಹಾಗೆಯೇ ಬಳಸಿದರು. ಎರಡು ವಾರಗಳ ಅನಂತರ ಬೆರಳಿನಲ್ಲಿ ಮಾಯದ ಗಾಯವೊಂದು ಕಾಣಿಸಿಕೊಂಡಾಗ, ಅದರೊಳಗಿನ ಗಾಜಿನ ಚೂರನ್ನು ವೈದ್ಯರು ಹೊರತೆಗೆಯಬೇಕಾಯಿತು. ಬಹುಕಾಲದ ಮಧುಮೇಹದಿಂದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳಬಹುದು, ಚುಚ್ಚಿದ್ದು ತಿಳಿಯದು, ಗಾಯವೂ ಬೇಗ ಒಣಗದು. ಅಂಥವರ ಕೈಯಲ್ಲಿ ಒಡೆದ ಗಾಜು ಕೇವಲ ಅಂದಗೇಡಲ್ಲ, ಅಪಾಯ.

ಇಂತಹವರಿಗೆ ಫೋನು ಇಂದು ವಿಲಾಸದ ವಸ್ತುವಲ್ಲವೆಂಬುದನ್ನು ಮರೆಯಲಾಗದು. 2016ರಲ್ಲಿ ಯುಪಿಐ ಬಂದಂದಿನಿಂದ ಅದೇ ಅವರ ಹಣದ ಚೀಲ. 2021ರಿಂದ ಪಿಂಚಣಿದಾರರು ಫೋನಿನ ಮುಂದೆ ಮುಖ ತೋರಿಸಿಯೇ ಜೀವಂತ ಪ್ರಮಾಣಪತ್ರವನ್ನು ಸಲ್ಲಿಸಲು ಅವಕಾಶವಾಗಿದೆ. ಬೃಂದಾವನ್ ಎಕ್ಸ್‌ಪ್ರೆಸ್ಸಿನ ಟಿಕೆಟ್ಟು ಅದರಲ್ಲಿದೆ. ಶಿವಮೊಗ್ಗೆಯಲ್ಲಿರುವ ಅಕ್ಕನ ಮುಖ ಸಂಜೆ ಕಾಣುವುದು ಅದರಲ್ಲಿಯೇ. ಪಾಸ್‌ಬುಕ್ಕು, ಕಾಗದ, ಗುರುತಿನ ಚೀಟಿಗಳೆಲ್ಲ ಒಂದಾಗಿ ಸೇರಿರುವ ವಸ್ತುವು ಗಟ್ಟಿಯಾಗಿರಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಗಟ್ಟಿ ಫೋನಿನ ಚರಿತ್ರೆಯಲ್ಲಿ ಚೆನ್ನೈಗೂ ಒಂದು ಪುಟವಿದೆ. ನೋಕಿಯಾ ಸಂಸ್ಥೆಯು ಸಮೀಪದ ಶ್ರೀಪೆರುಂಬುದೂರಿನಲ್ಲಿ 2006ರಲ್ಲಿ ಸ್ಥಾಪಿಸಿದ ಕಾರ್ಖಾನೆಯು ಸಾವಿರಾರು ಮಂದಿಗೆ, ವಿಶೇಷವಾಗಿ ಸುತ್ತಲಿನ ಹಳ್ಳಿಗಳ ತರುಣಿಯರಿಗೆ, ಉದ್ಯೋಗ ನೀಡಿತ್ತು. ಅದೇ ಸಂಸ್ಥೆಯು 2003ರಲ್ಲಿ ಹೊರತಂದ 1100 ಎಂಬ ಮಾದರಿಯು ಪ್ರಪಂಚದಾದ್ಯಂತ 25 ಕೋಟಿಗೂ ಮಿಕ್ಕಿ ಮಾರಾಟವಾಯಿತೆಂದು ಪ್ರತೀತಿ. ಅದು ಸ್ಮಾರ್ಟ್‌ಫೋನಲ್ಲ, ಆದರೆ ಧೂಳಿಗೆ ಅಂಜದ ಕೀಲಿಮಣೆ, ತುದಿಯಲ್ಲೊಂದು ದೀಪ, ಉಗುರಿನಿಂದ ತೆಗೆಯಬಹುದಾದ ಪ್ಲಾಸ್ಟಿಕ್ ಕವಚ, ಒಳಗೆ ಕೈಯಿಂದಲೇ ಬದಲಾಯಿಸಬಹುದಾದ ಬ್ಯಾಟರಿ ಇವು ಅದರ ಗುಣಗಳು. ಕೆಳಗೆ ಬಿದ್ದರೆ ಮೂರು ತುಂಡಾಗುತ್ತಿತ್ತು. ಮೂರನ್ನೂ ಆರಿಸಿ ಜೋಡಿಸಿದರೆ ಮತ್ತೆ ಮಾತನಾಡುತ್ತಿತ್ತು. ಆ ಕಾರ್ಖಾನೆಯು 2014ರ ನವೆಂಬರಿನಲ್ಲಿ ಮುಚ್ಚಿತು. ತೆರಿಗೆಯ ವ್ಯಾಜ್ಯ, ಮಾರುಕಟ್ಟೆಯ ಕುಸಿತಗಳೇ ಕಾರಣವಾದುವು, ಪ್ಲಾಸ್ಟಿಕ್ಕನ್ನು ದೂಷಿಸುವಂತಿಲ್ಲ. ಅದೇ ಶ್ರೀಪೆರುಂಬುದೂರಿನಲ್ಲಿ ಫಾಕ್ಸ್‌ಕಾನ್ ಸಂಸ್ಥೆಯು 2019ರಿಂದ ಐಫೋನುಗಳನ್ನು ಜೋಡಿಸುತ್ತಿದೆ. ಕನ್ನಡಿಗರು ಹೇರಳವಾಗಿರುವ ಹೊಸೂರಿನ ಕಡೆ ಟಾಟಾ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಅವುಗಳ ಹೊರಕವಚವನ್ನು ತಯಾರಿಸುತ್ತದೆ. ಪ್ಲಾಸ್ಟಿಕ್ಕಿನಿಂದ ಗಾಜು ಲೋಹಗಳೆಡೆಗೆ ನಡೆದ ಪಯಣವನ್ನು ಚೆನ್ನೈವಾಸಿಗಳು ತಮ್ಮ ನೆರೆಯಲ್ಲಿಯೇ ಕಂಡಂತಾಯಿತು.

ಬದಲಾವಣೆಯು ಹೇಗಾಯಿತೆಂಬುದನ್ನೂ ನೋಡತಕ್ಕದ್ದು. ಐಫೋನು 2010ರಲ್ಲಿ ಹಿಂಬದಿಗೆ ಗಾಜನ್ನು ಧರಿಸಿತು. 2013ರಲ್ಲಿ 5ಸಿ ಎಂಬ ಬಣ್ಣದ ಪ್ಲಾಸ್ಟಿಕ್ ಮಾದರಿಯನ್ನು ತಂದು, ಮುಂದೆ ಆ ದಾರಿಯನ್ನು ಕೈಬಿಟ್ಟಿತು. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಪ್ಲಾಸ್ಟಿಕ್ಕಿನದು: ತೂಕ 145 ಗ್ರಾಂ, ಹಿಂಬದಿ ತೆಗೆಯಬಹುದು, ಬ್ಯಾಟರಿ ಬದಲಾಯಿಸಬಹುದು, ಹಾಗಿದ್ದೂ ನೀರಿನಿಂದ ರಕ್ಷಣೆ ಇತ್ತು. ಮರುವರ್ಷದ ಎಸ್6ಕ್ಕೆ ಗಾಜು, ಅಲ್ಯುಮಿನಿಯಂ ಬಂದವು. ತೆಗೆಯಬಹುದಾದ ಬ್ಯಾಟರಿಯೂ, ನೀರಿನ ರಕ್ಷಣೆಯೂ ಹೋದವು. ಬ್ಯಾಟರಿಯನ್ನು ಒಳಗೆ ಅಂಟಿಸಿ ಮುಚ್ಚಿದರೇ ನೀರು ತಡೆಯಲು ಸಾಧ್ಯವೆಂಬ ವಾದಕ್ಕೆ ಎಸ್5 ಒಂದೇ ಸಾಕಷ್ಟು ಉತ್ತರ.

ತಂತಿಯಿಲ್ಲದೆ ವಿದ್ಯುತ್ತು ತುಂಬಲು ಗಾಜು ಬೇಕೆಂಬ ಮಾತೂ ಉಂಟು. ಲೋಹವು ಆ ಕ್ರಿಯೆಗೆ ಅಡ್ಡಿಯೆಂಬುದು ನಿಜ. ಆದರೆ ಪ್ಲಾಸ್ಟಿಕ್ಕು ಅಡ್ಡಿಯಲ್ಲ. 2021ರ ಗ್ಯಾಲಕ್ಸಿ ಎಸ್21ರ ಹಿಂಬದಿ ಪ್ಲಾಸ್ಟಿಕ್ಕಿನದು. ಅದರಲ್ಲಿ ಈ ಸೌಕರ್ಯವಿತ್ತು. ಅಂತೆಯೇ ರೇಡಿಯೋ ಅಲೆಗಳನ್ನು ಲೋಹ ತಡೆಯುತ್ತದೆ, ಪ್ಲಾಸ್ಟಿಕ್ಕು ತಡೆಯದು. ಲೋಹದ ಚೌಕಟ್ಟಿನಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ಪಟ್ಟಿಗಳು ಅಲಂಕಾರವಲ್ಲ. ಆಂಟೆನಾದ ಸಲುವಾಗಿ ಲೋಹವನ್ನು ಕಡಿದು ಬೆಸೆದ ಗೆರೆಗಳು.

ಪ್ಲಾಸ್ಟಿಕ್ ಎಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳಿವೆ. ಫೋನುಗಳಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಎಂಬ ರಸಾಯನತಜ್ಞರು ಇದನ್ನು ಸ್ವತಂತ್ರವಾಗಿ ರೂಪಿಸಿದರು. ಹೆಲ್ಮೆಟ್ಟಿನ ಮುಖಪರದೆ, ಮಕ್ಕಳ ಕನ್ನಡಕದ ಮಸೂರಗಳಿಗೆ ಇದನ್ನೇ ಆರಿಸುವುದುಂಟು. ಪೆಟ್ಟು ಬಿದ್ದಾಗ ಬಾಗಿ ಪೆಟ್ಟನ್ನು ನುಂಗಿಕೊಳ್ಳುವ ಗುಣ ಇದಕ್ಕಿದೆ; ಗಾಜು ಬಾಗದೆ ಸೀಳುತ್ತದೆ. ನೀರಿಗೆ ಹೋಲಿಸಿದರೆ ಇದರ ಸಾಂದ್ರತೆ ಸುಮಾರು 1.2, ಗಾಜಿನದು ಸುಮಾರು 2.5, ಅಲ್ಯುಮಿನಿಯಂನದು 2.7. ಐಫೋನಿನ 14 ಪ್ರೊ ಮ್ಯಾಕ್ಸ್ 240 ಗ್ರಾಂ ತೂಗುತ್ತಿತ್ತು. ಅದರ ಗಾತ್ರವೂ ಒಳಗಿನ ಬ್ಯಾಟರಿಯೂ ದೊಡ್ಡವೆಂಬುದು ನಿಜವಾದರೂ, ಕಾಲು ಕಿಲೋ ಸಮೀಪಿಸುವ ಭಾರವನ್ನು ಹೆಬ್ಬೆರಳಿನ ಬುಡದಲ್ಲಿ ಗಂಟೆಗಟ್ಟಲೆ ಹೊರುವುದು ಸಂಧಿವಾತವಿರುವ ಕೈಗಳಿಗೆ ಹಿತವಲ್ಲ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅಣ್ಣಾ ಸಾಲೈಯ ಪಕ್ಕದ ರಿಚಿ ಸ್ಟ್ರೀಟಿನಲ್ಲಿದೆ. ಅಲ್ಲಿ ಅಂಗಡಿ ಅಂಗಡಿಯಲ್ಲಿಯೂ ತೂಗುಹಾಕಿರುವುದೇನು? ಗಾಜಿನ ಫೋನುಗಳಿಗೆ ತೊಡಿಸುವ ಪ್ಲಾಸ್ಟಿಕ್ ಕವರುಗಳು! ಸಾವಿರಾರು ರೂಪಾಯಿ ತೆತ್ತು ಗಾಜನ್ನು ಕೊಂಡವನು ಅಂದೇ ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ಕಿನಿಂದ ಅದನ್ನು ಮುಚ್ಚುತ್ತಾನೆ. ರೇಷ್ಮೆ ಸೀರೆಯ ಮೇಲೆ ಸದಾ ಮಳೆಯಂಗಿ ತೊಟ್ಟು ಓಡಾಡಿದಂತೆ! ಕೊನೆಗೆ ಕೈಗೆ ತಾಕುವುದು ಪ್ಲಾಸ್ಟಿಕ್ಕೇ ಆದರೆ, ಅದು ಮೊದಲೇ ಫೋನಿನ ಮೈಯಾಗಿ ಏಕಿರಬಾರದು?

ಇನ್ನು ಎದುರು ಪಕ್ಷದ ವಾದಗಳನ್ನು ನ್ಯಾಯವಾಗಿ ಪರಿಶೀಲಿಸಬೇಕು. ಮೊದಲನೆಯದು ಶಾಖ. ಪ್ಲಾಸ್ಟಿಕ್ಕು ಶಾಖವನ್ನು ಸುಲಭವಾಗಿ ಹೊರಬಿಡದು, ಅಲ್ಯುಮಿನಿಯಂ ಬಿಡುತ್ತದೆ. ಕತ್ತರಿ ಬಿಸಿಲಿನ ಚೆನ್ನೈಯಲ್ಲಿ ಇದು ಅಲ್ಪ ವಿಷಯವಲ್ಲ; ಶಾಖದಿಂದ ಲಿಥಿಯಂ ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಒಳಗೆ ತೆಳುವಾದ ಲೋಹದ ಹಲಗೆಯಿಟ್ಟು ಹೊರಗೆ ಪ್ಲಾಸ್ಟಿಕ್ಕು ತೊಡಿಸುವುದೇ ಇದಕ್ಕೆ ಪರಿಹಾರ. ಎರಡನೆಯದು ಬಾಳಿಕೆಯ ನೋಟ. ಪ್ಲಾಸ್ಟಿಕ್ಕಿಗೆ ಗೀರು ಬೇಗ ಬೀಳುತ್ತದೆ, ಬಿಸಿಲಿಗೆ ಬಣ್ಣ ಹಳದಿಯಾಗುತ್ತದೆ. ಕೆಲವು ಹಳೆಯ ಸಾಧನಗಳ ಮೇಲಿನ ಮೃದು ಲೇಪವು ಕಡಲ ತೀರದ ತೇವದಲ್ಲಿ ಅಂಟಂಟಾದದ್ದೂ ಉಂಟು. ಗೀರು ಬಿದ್ದದ್ದು ಬಳಕೆಗೆ ಬರುತ್ತದೆ, ಒಡೆದದ್ದು ಬರುವುದಿಲ್ಲವೆಂಬುದನ್ನಷ್ಟೇ ಇಲ್ಲಿ ನೆನೆಯಬೇಕು.

ಮೂರನೆಯದು ಆರೋಗ್ಯ ಮತ್ತು ಪರಿಸರ, ಇದೇ ಗುರುತರವಾದುದು. ಪಾಲಿಕಾರ್ಬೊನೇಟನ್ನು ಬಿಸ್ಫೆನಾಲ್-ಎ ಎಂಬ ರಾಸಾಯನಿಕದಿಂದ ತಯಾರಿಸುತ್ತಾರೆ. ಹಾಲೂಡಿಸುವ ಶಿಶುಗಳ ಬಾಟಲಿಗಳಲ್ಲಿ ಅದನ್ನು ಯೂರೋಪು ಒಕ್ಕೂಟವು 2011ರಲ್ಲಿಯೇ ನಿಷೇಧಿಸಿತು. ಬಿಸಿ ಆಹಾರ ತುಂಬುವ ಪಾತ್ರೆಗೂ ಫೋನಿನ ಕವಚಕ್ಕೂ ವ್ಯತ್ಯಾಸವಿದೆ. ಆದರೂ ಹಳೆಯ ಕವಚಗಳನ್ನು ಸುಡುವುದು ಸರ್ವಥಾ ಸಲ್ಲದು. ತಮಿಳುನಾಡು 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ನಿಷೇಧಿಸಿರುವಾಗ, ಪಳ್ಳಿಕರಣೈ ಜೌಗುಭೂಮಿಯ ಪಕ್ಕದಲ್ಲಿಯೇ ಪೆರುಂಗುಡಿಯ ಕಸ ಪೇರಿಸಿದ್ದನ್ನು ಕಂಡಿರುವಾಗ, ಪ್ಲಾಸ್ಟಿಕ್ಕನ್ನು ಹೊಗಳುವುದು ತರವೇ ಎಂದು ಯಾರಾದರೂ ಕೇಳಿಯಾರು. ನಿಷೇಧದ ಹುರುಳು 'ಒಮ್ಮೆ ಬಳಸಿ ಎಸೆಯುವ' ಎಂಬ ಮಾತಿನಲ್ಲಿದೆ. ಐದಾರು ವರ್ಷ ಬಾಳುವ ಪ್ಲಾಸ್ಟಿಕ್ಕಿಗಿಂತ, ಎರಡೇ ವರ್ಷದಲ್ಲಿ ಕಸವಾಗುವ ಗಾಜು, ಲೋಹ, ಬ್ಯಾಟರಿಗಳ ಗಂಟು ಪರಿಸರಕ್ಕೆ ಹೆಚ್ಚು ಭಾರ. ಆದರೆ ಪ್ಲಾಸ್ಟಿಕ್ ಫೋನೂ ಎರಡೇ ವರ್ಷದಲ್ಲಿ ಕಸವಾಗುವುದಾದರೆ ಈ ಸಮರ್ಥನೆ ನಿಲ್ಲದು. ಇಲ್ಲಿಯೇ ವಿಷಯದ ಮರ್ಮವಿದೆ.

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಮಾತಿದೆ. ಉದಾಹರಣೆಗೆ 30,000 ರೂಪಾಯಿಯ ಫೋನು ಮೂರು ವರ್ಷ ಬಾಳಿದರೆ ವರ್ಷಕ್ಕೆ 10,000 ರೂಪಾಯಿ ಸವೆದಂತೆ. ಅದೇ ಫೋನಿಗೆ 2,500 ರೂಪಾಯಿಯಲ್ಲಿ ಹೊಸ ಬ್ಯಾಟರಿಯನ್ನೂ ಹೊಸ ಹಿಂಬದಿಯನ್ನೂ ಹಾಕಿಸಿ ಐದು ವರ್ಷ ಬಳಸಿದರೆ ಒಟ್ಟು 32,500. ವರ್ಷಕ್ಕೆ 6,500 ಮಾತ್ರ. ಮಾಸಿಕ ಕಂತಿನಲ್ಲಿ ಕೊಂಡ ಫೋನಿನ ಕೊನೆಯ ಕಂತು ತೀರುವ ಮುನ್ನವೇ ಫೋನು ತೀರಿಕೊಳ್ಳುವ ದುಃಸ್ಥಿತಿ ಮಧ್ಯಮವರ್ಗದವರಿಗೆ ಅಪರಿಚಿತವಲ್ಲ. ಈ ಉಳಿತಾಯವು ಕವಚ ಯಾವುದರದೆಂಬುದಕ್ಕಿಂತ, ಅದು ತೆರೆಯುತ್ತದೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಪ್ಲಾಸ್ಟಿಕ್ಕು ಬಾಗುವುದರಿಂದ ಅದನ್ನು ಕೊಕ್ಕೆಯಲ್ಲಿ ಸಿಕ್ಕಿಸಿ ತೆರೆಯಬಹುದು; ಗಾಜನ್ನು ಸಾಮಾನ್ಯವಾಗಿ ಅಂಟಿನಿಂದಲೇ ಹಿಡಿಸುತ್ತಾರೆ. ಇಂದಿನ ಅಗ್ಗದ ಫೋನುಗಳಲ್ಲಿ ಪ್ಲಾಸ್ಟಿಕ್ ಮೈ ಈಗಲೂ ಇದೆ. ಆದರೆ ಅದನ್ನೂ ಅಂಟಿಸಿಬಿಟ್ಟಿದ್ದಾರೆ. ಬರೇ ಪ್ಲಾಸ್ಟಿಕ್ಕು ಬಂದು ಈ ಗುಣ ಬರದಿದ್ದರೆ, ಬಂದದ್ದು ಹಳೆಯ ಫೋನಿನ ವೇಷವೇ ಹೊರತು ಅದರ ಸತ್ವವಲ್ಲ.

ಕಾಲವೂ ಈ ಕಡೆಗೆ ತಿರುಗುತ್ತಿದೆ. ಯೂರೋಪು ಒಕ್ಕೂಟದ 2023ರ ಬ್ಯಾಟರಿ ನಿಯಮವು 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿಗಳೊಡನೆ, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕುವಂತಿರಬೇಕೆಂದು ವಿಧಿಸುತ್ತದೆ. ಭಾರತದಲ್ಲಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ತಯಾರಕರ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿಯೇ ಕಾರ್ಯಾರಂಭ ಮಾಡಿದೆ. ಆದರೆ ಕೊಳ್ಳುವವರು ಕೇಳದಿದ್ದರೆ ಮಾರುವವರು ಕೊಡಲಾರರು.

ಆದುದರಿಂದ ಪ್ಲಾಸ್ಟಿಕ್ ಮೈಯ ಫೋನು ಮರಳಿ ಬರಲಿ, ಆದರೆ ಷರತ್ತಿನ ಮೇಲೆ ಬರಲಿ. ಹಿಂಬದಿ ಸುಲಭವಾಗಿ ತೆರೆಯುವಂತಿರಲಿ. ಬ್ಯಾಟರಿ ಊರಿನ ಅಂಗಡಿಯಲ್ಲಿ ನ್ಯಾಯವಾದ ಬೆಲೆಗೆ ದೊರೆಯಲಿ. ಕವಚವು ಮರುಬಳಕೆಯ ಪ್ಲಾಸ್ಟಿಕ್ಕಿನಿಂದಾಗಲಿ. ಅದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದಾಗಿರಲಿ. ಫೋನನ್ನು ಕೊಳ್ಳಹೋದವರು ಬಣ್ಣವನ್ನು ಕೇಳುವ ಮುನ್ನ 'ಇದರ ಬ್ಯಾಟರಿ ಬದಲಾಯಿಸಲು ಎಷ್ಟಾಗುತ್ತದೆ?' ಎಂಬ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವಿಟ್ಟುಕೊಂಡರೆ ಅದೇ ದೊಡ್ಡ ಸುಧಾರಣೆಯ ಮೊದಲ ಹೆಜ್ಜೆ. ಮನೆಯ ಹಿರಿಯರಿಗೆ ಫೋನು ಕೊಡಿಸುವ ಮಕ್ಕಳಂತೂ ತಮ್ಮ ಅಂತಸ್ತನ್ನಲ್ಲ, ಹಿರಿಯರ ಬೆರಳುಗಳನ್ನು ನೆನೆದು ಆರಿಸಬೇಕು.

'ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು' ಎಂದು ಹಿರಿಯರು ಎಚ್ಚರಿಸಿದ್ದು ಬರಿಯ ಮನುಷ್ಯರ ಬಗ್ಗೆಯಷ್ಟೇ ಅಲ್ಲ. ಪಶ್ಚಿಮ ಮಾಂಬಲದ ಆ ಹಿರಿಯರ ಕೈಯಲ್ಲಿ ಈಗಿರುವುದು ಪ್ಲಾಸ್ಟಿಕ್ ಹಿಂಬದಿಯ ಸಾಧಾರಣ ಫೋನು. ಎರಡು ಸಲ ಕೆಳಗೆ ಬಿದ್ದಿದೆ. ಮೂಲೆಯಲ್ಲಿ ಒಂದು ಗೀರಿದೆ. ಶಿವಮೊಗ್ಗೆಯ ಅಕ್ಕನ ಮುಖ ಮಾತ್ರ ಅದರಲ್ಲಿ ಪ್ರತಿ ಸಂಜೆಯೂ ಸ್ಪಷ್ಟವಾಗಿಯೇ ಕಾಣುತ್ತದೆ.